ಸ್ಟುಟ್‌ಗಾರ್ಟಿನ ಚಿತ್ರಪುಸ್ತಕ, ದೇವನೂರಿನ ಲಕ್ಷ್ಮೀಶ

ಸ್ಟುಟ್‌ಗಾರ್ಟ್ ಎಂದರೆ ನಮಗೆಲ್ಲ ಕಾರಿನ ಊರು. ಕಾರು ಹುಟ್ಟುವ ಮೊದಲೇ ಇದು ಪುಸ್ತಕದ ಊರಾಗಿತ್ತು. ಅಮೆರಿಕದ ಜೇಮ್ಸ್ ಫೆನಿಮೋರ್ ಕೂಪರ್ 1823ರಿಂದ 1841ರವರೆಗೆ ಕಾಡುಮೇಡಿನ ಬೇಟೆಗಾರನೊಬ್ಬನ ಮೇಲೆ ಐದು ಕಾದಂಬರಿ ಬರೆದ. ಅವನ್ನು ಫ್ರಾನ್ಸ್ ಹಾಫ್‌ಮನ್ ಮಕ್ಕಳಿಗೆ ಒಗ್ಗುವ ಜರ್ಮನ್‌ನಲ್ಲಿ ಸಂಗ್ರಹಿಸಿದ. 1845ರಲ್ಲಿ ಚಿತ್ರಗಳೊಡನೆ ಅದು ಹೊರಬಂದದ್ದು ಈ ಊರಿನಿಂದ. ತೊಗಲಿನ ಕಾಲುಚೀಲದ ಆ ಬೇಟೆಗಾರ ‘ಲೇಡರ್‌ಸ್ಟ್ರುಂಪ್ಫ್’ ಎಂಬ ಹೆಸರಿನಲ್ಲಿ ಜರ್ಮನ್ ಮಕ್ಕಳಿಗೆ ಮನೆಯವನೇ ಆದ. 1890ರಲ್ಲಿ ಹೆನ್ನಿ ಕೋಖ್ ಎಂಬಾಕೆ ಅನುವಾದಿಸಿದ ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಪ್ರಕಟವಾದದ್ದೂ ಇಲ್ಲಿಯೇ, ರಾಬರ್ಟ್ ಲುಟ್ಸ್ ಪ್ರಕಾಶನದಿಂದ. 1909ರಲ್ಲಿ ಬರ್ಲಿನ್ನಿನಲ್ಲಿ ಮಾಕ್ಸ್ ಸ್ಲೆಫೋಗ್ಟ್ ಅದೇ ಲೇಡರ್‌ಸ್ಟ್ರುಂಪ್ಫ್ ಕಥೆಗಳಿಗೆ ಕಲ್ಲಚ್ಚಿನಲ್ಲಿ ಚಿತ್ರ ಬರೆದ.

ಕಲ್ಲಚ್ಚು ಎಂದೊಡನೆ ನನ್ನ ಮನಸ್ಸು ಕಡೂರಿಗೆ ಓಡುತ್ತದೆ.

1796ರ ಹೊತ್ತಿಗೆ ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಂಡುಕೊಂಡ ವಿದ್ಯೆ ಇದು. ನುಣ್ಣನೆಯ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲಿಗೆ ನೀರು ಸವರಿದರೆ, ಆಮೇಲೆ ಹಚ್ಚುವ ಮಸಿ ಬರೆದ ಕಡೆ ಮಾತ್ರ ಹಿಡಿಯುತ್ತದೆ. ಅಚ್ಚಿನ ಮೊಳೆ ಬೇಡ. ಹಾಗಾಗಿ ಚಿತ್ರಕ್ಕೂ ಸೈ, ನಮ್ಮ ಒತ್ತಕ್ಷರ, ಕೊಂಬು, ದೀರ್ಘಗಳಿಗೂ ಸೈ. ಇದೇ ವಿದ್ಯೆಯಿಂದ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಸ್ಟುಟ್‌ಗಾರ್ಟಿನ ಚಿತ್ರಪುಸ್ತಕ ಬಂದ ಮೂರೇ ವರ್ಷಕ್ಕೆ, 1848ರಲ್ಲಿ, ಅವರು ತಮ್ಮ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವನ್ನು ಕಲ್ಲಚ್ಚಿನಲ್ಲಿ ತಂದರು. ಅದರ ಕವಿ ಲಕ್ಷ್ಮೀಶ ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನು. ಕಾವ್ಯದುದ್ದಕ್ಕೂ ದೇವಪುರದ ಲಕ್ಷ್ಮೀರಮಣನನ್ನು ನೆನೆಯುತ್ತಾ ಹೋಗುವ ಆ ಉಪಮಾಲೋಲನ ಷಟ್ಪದಿಗಳನ್ನು ಓದು ಬಾರದ ಹೆಂಗಸರೂ ಬಾಯಿಪಾಠ ಹೇಳುತ್ತಿದ್ದ ಸೀಮೆ ನಮ್ಮದು.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ ಬ್ರಾಕೆನ್‌ಹೈಮಿನಲ್ಲಿ, ಓದಿದ್ದು ಟ್ಯೂಬಿಂಗನ್ನಿನಲ್ಲಿ. ಎರಡೂ ನಾವೀಗ ನೆಲೆಸಿರುವ ಸ್ಟುಟ್‌ಗಾರ್ಟಿನ ನೆರೆಯ ಊರುಗಳೇ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಹಿಂತಿರುಗಿದ ಮೇಲೂ ಕನ್ನಡ ಅವರನ್ನು ಬಿಡಲಿಲ್ಲ. 1870ರ ಸುಮಾರಿಗೆ ಜೈಮಿನಿ ಭಾರತದ ಆರಂಭದ ಸಂಧಿಗಳನ್ನು ಜರ್ಮನ್‌ಗೆ ತಿರುಗಿಸಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರಲ್ಲಿ ಅವರು ತೀರಿಕೊಂಡದ್ದು ಎಸ್‌ಲಿಂಗನ್ನಿನಲ್ಲಿ. ನೆಕ್ಕಾರ್ ನದಿಯ ದಂಡೆ ಹಿಡಿದು ಹೊರಟರೆ ನಮ್ಮ ಮನೆಗಳಿಂದ ಸೈಕಲ್ಲಿನಲ್ಲೇ ಹೋಗಬಹುದಾದ ಊರು.

ಅಮೆರಿಕದ ಕಾಡಿನ ಕಥೆ ಇಲ್ಲಿಯ ಮಕ್ಕಳ ಕೈಗೆ ಚಿತ್ರಗಳೊಡನೆ ಸೇರಿತು. ದೇವನೂರಿನ ಕಾವ್ಯ ಪಂಡಿತರ ಪತ್ರಿಕೆಯಲ್ಲೇ ಉಳಿಯಿತು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಮೋಗ್ಲಿಂಗರ ಅನುವಾದ ಚಂದ್ರಹಾಸನ ಕಥೆಯವರೆಗೆ ಹೋಗಲಿಲ್ಲ. ಚಂದ್ರಹಾಸನಿಗೆ ವಿಷ ಕೊಡು ಎಂದು ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಓಲೆ ಬರೆದು, ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಉದ್ಯಾನದಲ್ಲಿ ಮಲಗಿದ್ದ ಚಂದ್ರಹಾಸನ ಬಳಿ ಅದನ್ನು ಕಂಡ ಮಗಳು ವಿಷಯೆ, ‘ವಿಷ’ವನ್ನು ತನ್ನ ಹೆಸರಾಗಿ ತಿದ್ದುತ್ತಾಳೆ; ಸಾವಿನ ಓಲೆ ಮದುವೆಯ ಓಲೆಯಾಗುತ್ತದೆ. ಅಜ್ಜಿ ಇದನ್ನು ಹೇಳುವಾಗ ನಾವು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಈ ಶ್ಲೇಷೆಯನ್ನು ಅನ್ಯಭಾಷೆಗೆ ತರುವುದು ಅಸಾಧ್ಯವೆಂದೇ ನಾನು ನಂಬಿದ್ದೆ. ಆದರೆ ಜರ್ಮನ್‌ನಲ್ಲಿ ವಿಷಕ್ಕೆ ‘ಗಿಫ್ಟ್’, ಹೆಣ್ಣಿನೊಡನೆ ಕೊಡುವ ಬಳುವಳಿಗೆ ‘ಮಿಟ್‌ಗಿಫ್ಟ್’! ಲಕ್ಷ್ಮೀಶನ ಓಲೆಯನ್ನು ಜರ್ಮನ್‌ನಲ್ಲೂ ಒಂದೇ ಚಿಕ್ಕ ಪದ ಸೇರಿಸಿ ತಿದ್ದಬಹುದು.

ಚಿತ್ರ ಬರೆಯಬಲ್ಲವರು ನಮ್ಮ ಸಂಘದಲ್ಲಿದ್ದೀರಿ. ನಮಗಿಂತ ಚೆನ್ನಾಗಿ ಜರ್ಮನ್ ಬಲ್ಲ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಚಂದ್ರಹಾಸನ ಕಥೆಯನ್ನು ಜರ್ಮನ್ ಚಿತ್ರಪುಸ್ತಕವಾಗಿ ತರೋಣ. ಮನಸ್ಸಿದ್ದವರು ಮುಂದಿನ ಸಭೆಯ ದಿನ ಅರ್ಧ ಗಂಟೆ ಮೊದಲೇ ಬನ್ನಿ, ಆ ಓಲೆಯ ಪ್ರಸಂಗದಿಂದಲೇ ಶುರು ಮಾಡೋಣ.