ಸಣ್ಣ ಮತ್ತು ಮಧ್ಯಮ ಉದ್ಯಮಗಳಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಅಳವಡಿಕೆ: ಚಿತ್ರದುರ್ಗ ಜಿಲ್ಲೆಯ ಉದ್ಯಮಿಗಳಿಗೆ ಮಾಹಿತಿ

ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಅನೇಕ ಉದ್ಯಮಗಳು ಕೃಷಿ ಉತ್ಪನ್ನಗಳ ಸಂಸ್ಕರಣೆ ಹಾಗೂ ವ್ಯಾಪಾರಕ್ಕೆ ಸಂಬಂಧಿಸಿದವುಗಳಾಗಿವೆ. ಚಿತ್ರದುರ್ಗದ ಶೇಂಗಾ, ಹತ್ತಿ ಮತ್ತು ಮೆಕ್ಕೆಜೋಳ, ಹೊಳಲ್ಕೆರೆಯ ಅಡಿಕೆ, ಹೊಸದುರ್ಗ ಮತ್ತು ಹಿರಿಯೂರಿನ ತೆಂಗು ಇವುಗಳಲ್ಲಿ ಪ್ರಮುಖವಾದವು. ಸಣ್ಣ ಘಟಕಗಳಲ್ಲಿ ಕಿರ್ದಿ, ಖತಾವಣಿ, ದಾಸ್ತಾನು ಹಾಗೂ ಬಾಕಿ ವಸೂಲಿಯ ವಿವರಗಳೆಲ್ಲವೂ ಒಂದೇ ಗಣಕಯಂತ್ರದಲ್ಲಿರುವುದು ಸಾಮಾನ್ಯ. ಸುಗ್ಗಿಯ ದಿನಗಳಲ್ಲಿ ಆ ಯಂತ್ರವು ಕೆಟ್ಟರೆ, ಕಳವಾದರೆ ಅಥವಾ ವೈರಸ್ ದಾಳಿಗೆ ತುತ್ತಾದರೆ, ಯಾವ ರೈತರಿಗೆ ಎಷ್ಟು ಹಣ ಸಂದಾಯವಾಗಬೇಕೆಂಬ ಲೆಕ್ಕವೇ ಇಲ್ಲವಾಗುವ ಸಂಭವವಿದೆ. ಈ ಹಿನ್ನೆಲೆಯಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಕುರಿತ ಮುಖ್ಯ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಕ್ಲೌಡ್ ಕಂಪ್ಯೂಟಿಂಗ್ ಎಂದರೇನು?

ಸರ್ವರ್, ಸಂಗ್ರಹಣಾ ಸ್ಥಳ ಹಾಗೂ ತಂತ್ರಾಂಶಗಳನ್ನು ಸ್ವಂತವಾಗಿ ಖರೀದಿಸದೆ, ದೂರದ ದತ್ತಾಂಶ ಕೇಂದ್ರದಿಂದ ಅಂತರ್ಜಾಲದ ಮೂಲಕ ಅಗತ್ಯವಿರುವಷ್ಟೇ ಪಡೆದು, ಬಳಸಿದ್ದಕ್ಕೆ ಮಾತ್ರ ಶುಲ್ಕ ಪಾವತಿಸುವ ವ್ಯವಸ್ಥೆಯೇ ಕ್ಲೌಡ್ ಕಂಪ್ಯೂಟಿಂಗ್. ಇದರಲ್ಲಿ ಮೂರು ವಿಧಗಳಿವೆ.

1. ಸಿದ್ಧ ತಂತ್ರಾಂಶ ಸೇವೆ: ಲೆಕ್ಕಪತ್ರ, ಬಿಲ್ಲು, ಇ-ಮೇಲ್ ಮುಂತಾದವು ಬಳಕೆಗೆ ಸಿದ್ಧವಾಗಿ ದೊರೆಯುತ್ತವೆ. ಸಣ್ಣ ಉದ್ಯಮಗಳಿಗೆ ಹೆಚ್ಚು ಸೂಕ್ತವಾದುದು ಇದೇ.
2. ವೇದಿಕೆ ಸೇವೆ: ಸ್ವಂತ ತಂತ್ರಾಂಶವನ್ನು ಸಿದ್ಧಪಡಿಸುವವರಿಗೆ ಉಪಯುಕ್ತ.
3. ಮೂಲಸೌಕರ್ಯ ಸೇವೆ: ಸರ್ವರ್ ಮತ್ತು ಸಂಗ್ರಹಣಾ ಸ್ಥಳ ಮಾತ್ರ ಬಾಡಿಗೆಗೆ ದೊರೆಯುತ್ತವೆ. ನಿರ್ವಹಣೆಗೆ ತಾಂತ್ರಿಕ ಪರಿಣತಿ ಅವಶ್ಯಕ.

ಈ ವ್ಯವಸ್ಥೆಯು ಜಿಲ್ಲೆಯ ವರ್ತಕರಿಗೆ ತೀರಾ ಅಪರಿಚಿತವಲ್ಲ. 2014ರಲ್ಲಿ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆಗಳಿಗಾಗಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿಗಳನ್ನೂ, 2018ರಿಂದ ಇ-ವೇ ಬಿಲ್ಲನ್ನೂ ಅಂತರ್ಜಾಲದ ಮೂಲಕವೇ ಪಡೆಯುವ ಅಥವಾ ಸಲ್ಲಿಸುವ ಪದ್ಧತಿ ಜಾರಿಗೆ ಬಂದಿತು. ಇವೆಲ್ಲವುಗಳಲ್ಲಿ ಮಾಹಿತಿಯು ಬಳಕೆದಾರರ ಯಂತ್ರದಲ್ಲಿರದೆ ದೂರದ ಸರ್ವರ್‌ನಲ್ಲಿರುತ್ತದೆ.

ಕಾನೂನಿನ ಅಂಶಗಳು

• ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯನ್ವಯ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳುಗಳವರೆಗೆ ಕಾಯ್ದಿರಿಸತಕ್ಕದ್ದು. ವಿದ್ಯುನ್ಮಾನ ರೂಪದ ದಾಖಲೆಗಳಿಗೆ ಬದಲಿ ಪ್ರತಿ ಇರತಕ್ಕದ್ದು. ಗಣಕಯಂತ್ರ ಕೆಟ್ಟಿತೆಂಬುದರಿಂದ ಈ ಹೊಣೆ ತಪ್ಪುವುದಿಲ್ಲ.
• 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು ಇತರ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ನಿಯಮ ಅನ್ವಯವಾಗಿದೆ.
• ಕಂಪನಿಗಳಾಗಿ ನೋಂದಣಿಯಾದ ಉದ್ಯಮಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬದಲಿ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸಬೇಕೆಂದು 2022ರಲ್ಲಿ ನಿಯಮ ತಿದ್ದುಪಡಿಯಾಗಿದೆ.
• ಗ್ರಾಹಕರ ಹಾಗೂ ನೌಕರರ ವೈಯಕ್ತಿಕ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಬಂಧಿಸಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೊಳ್ಳುವಂತೆ ನಿಗದಿಪಡಿಸಲಾಗಿದೆ.

ಅನುಕೂಲಗಳು

ಆರಂಭದಲ್ಲಿ ದೊಡ್ಡ ಬಂಡವಾಳ ಬೇಕಿಲ್ಲ. ಹೊಳಲ್ಕೆರೆಯಲ್ಲಿ ಅಡಿಕೆ ಖರೀದಿಸಿ ಚಿತ್ರದುರ್ಗದಲ್ಲಿ ದಾಸ್ತಾನು ಮಾಡುವ ವರ್ತಕರು ಎರಡೂ ಕಡೆಯ ಲೆಕ್ಕವನ್ನು ಒಂದೆಡೆ ನೋಡಬಹುದು. ಸುಗ್ಗಿಯಲ್ಲಿ ಬಳಕೆದಾರರ ಸಂಖ್ಯೆಯನ್ನು ಹೆಚ್ಚಿಸಿ, ಆನಂತರ ತಗ್ಗಿಸಲು ಕೆಲವು ಸೇವೆಗಳಲ್ಲಿ ಅವಕಾಶವಿದೆ. ಅಂಗಡಿಯ ಯಂತ್ರ ಕೆಟ್ಟರೂ ಬೇರೊಂದು ಯಂತ್ರದಿಂದ ಕೆಲಸ ಮುಂದುವರಿಸಬಹುದು.

ಮಿತಿಗಳು

ಅಂತರ್ಜಾಲ ಸಂಪರ್ಕ ಕಡಿದರೆ ಕೆಲಸ ನಿಲ್ಲುತ್ತದೆ. ಆದ್ದರಿಂದ ಎರಡು ಬೇರೆ ಬೇರೆ ಸಂಸ್ಥೆಗಳ ಸಂಪರ್ಕ, ಯುಪಿಎಸ್ ಹಾಗೂ ಸಂಪರ್ಕವಿಲ್ಲದಾಗ ಬಿಲ್ಲು ಬರೆಯಲು ಮುದ್ರಿತ ಪುಸ್ತಕ ಇರುವುದು ಒಳಿತು. ತಿಂಗಳ ಶುಲ್ಕ ಕಡಿಮೆ ಎನಿಸಿದರೂ ಐದು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಿ ನೋಡತಕ್ಕದ್ದು. ದತ್ತಾಂಶವು ಕ್ಲೌಡ್‌ನಲ್ಲಿದೆ ಎಂದ ಮಾತ್ರಕ್ಕೆ ಅದು ಸುರಕ್ಷಿತವೆಂದು ಭಾವಿಸಲಾಗದು. ಪಾಸ್‌ವರ್ಡ್ ಅನ್ಯರ ಕೈಸೇರಿದರೆ ಇಡೀ ಲೆಕ್ಕವೇ ಅವರ ವಶವಾಗುತ್ತದೆ.

ಒಪ್ಪಂದಕ್ಕೆ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

1. ದತ್ತಾಂಶದ ಒಡೆತನ ಉದ್ಯಮಿಯದೇ ಎಂದು ಲಿಖಿತವಾಗಿದೆಯೇ?
2. ಸರ್ವರ್ ಹಾಗೂ ಬದಲಿ ಪ್ರತಿ ಭಾರತದಲ್ಲಿವೆಯೇ?
3. ಸೇವೆಯನ್ನು ಕೈಬಿಟ್ಟಾಗ ಎಲ್ಲ ದಾಖಲೆಗಳನ್ನು ಇತರ ತಂತ್ರಾಂಶಗಳಲ್ಲಿ ತೆರೆಯಬಹುದಾದ ರೂಪದಲ್ಲಿ ಹಿಂತಿರುಗಿಸುವರೇ?
4. ಶುಲ್ಕ ಪಾವತಿ ತಡವಾದಲ್ಲಿ ಎಷ್ಟು ದಿನಗಳವರೆಗೆ ದತ್ತಾಂಶ ಉಳಿಸುವರು?
5. ಸೇವೆ ಸ್ಥಗಿತಗೊಂಡರೆ ಎಷ್ಟು ಸಮಯದಲ್ಲಿ ಸರಿಪಡಿಸುವರು, ಕನ್ನಡದಲ್ಲಿ ನೆರವು ದೊರೆಯುವುದೇ?

ಅಳವಡಿಕೆಯ ಹಂತಗಳು

ಮೊದಲಿಗೆ ಹಾಲಿ ಲೆಕ್ಕಪತ್ರಗಳ ಬದಲಿ ಪ್ರತಿಯನ್ನಷ್ಟೇ ಕ್ಲೌಡ್‌ನಲ್ಲಿ ಇರಿಸಬಹುದು. ಆ ಪ್ರತಿಯಿಂದ ದಾಖಲೆಗಳನ್ನು ಮರಳಿ ಪಡೆದು ಪರೀಕ್ಷಿಸುವುದು ಅತ್ಯವಶ್ಯ. ಏಕೆಂದರೆ ತೆರೆಯಲಾಗದ ಪ್ರತಿ ಇದ್ದೂ ಇಲ್ಲದಂತೆ. ಎರಡನೆಯ ಹಂತದಲ್ಲಿ ಬಿಲ್ಲು ಮತ್ತು ದಾಸ್ತಾನನ್ನು ವರ್ಗಾಯಿಸಿ, ಒಂದೆರಡು ತಿಂಗಳು ಹಳೆಯ ಪದ್ಧತಿಯನ್ನೂ ಜೊತೆಯಲ್ಲಿ ಮುಂದುವರಿಸಿ ತಾಳೆ ನೋಡತಕ್ಕದ್ದು. ಈ ಬದಲಾವಣೆಯನ್ನು ಸುಗ್ಗಿಯ ನಡುವೆ ಕೈಗೊಳ್ಳದಿರುವುದು ಲೇಸು. ಪ್ರತಿ ನೌಕರರಿಗೂ ಪ್ರತ್ಯೇಕ ಪ್ರವೇಶ ಹೆಸರು ನೀಡಿ, ಪಾಸ್‌ವರ್ಡ್ ಜೊತೆಗೆ ಮೊಬೈಲ್ ಮೂಲಕ ಎರಡನೆಯ ದೃಢೀಕರಣ ಅಳವಡಿಸತಕ್ಕದ್ದು. ನೌಕರರು ಕೆಲಸ ಬಿಟ್ಟ ದಿನವೇ ಅವರ ಪ್ರವೇಶವನ್ನು ರದ್ದುಪಡಿಸಬೇಕು. ವಾರಕ್ಕೊಮ್ಮೆ ಮತ್ತೊಂದು ಪ್ರತಿಯನ್ನು ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲಿ ಇರಿಸುವುದು ಸೂಕ್ತ.

ನೆರವು

ಉದ್ಯಮಗಳು 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಶುಲ್ಕವಿಲ್ಲದೆ ಪಡೆಯಬಹುದು. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿಯು ಹೂಡಿಕೆಯಲ್ಲಿ 25 ಕೋಟಿ ಮತ್ತು ವಹಿವಾಟಿನಲ್ಲಿ 100 ಕೋಟಿ ರೂಪಾಯಿ ಹಾಗೂ ಮಧ್ಯಮ ಉದ್ಯಮದ ಮಿತಿಯು ಕ್ರಮವಾಗಿ 125 ಕೋಟಿ ಮತ್ತು 500 ಕೋಟಿ ರೂಪಾಯಿಗಳಾಗಿರುತ್ತವೆ. ಸೈಬರ್ ವಂಚನೆಗೆ ಒಳಗಾದವರು ವಿಳಂಬ ಮಾಡದೆ 1930 ಸಹಾಯವಾಣಿಗೆ ದೂರು ನೀಡಬಹುದು. ಜಾರಿಯಲ್ಲಿರುವ ಯೋಜನೆಗಳ ವಿವರಗಳಿಗಾಗಿ ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.