ಟ್ಯಾಕ್ಸಿ ನಂಬರಿಗೂ ಜಾಗ ಬಿಟ್ಟ ನಿಯಮಾವಳಿ

ಓಪನ್ ಸೋರ್ಸ್ ಸಮ್ಮೇಳನಗಳಿಗಾಗಿ 2010ರ ಕೊನೆಯಲ್ಲಿ ಕಿರುಕುಳ ತಡೆಯುವ ಒಂದು ನಿಯಮಾವಳಿಯ ನಮೂನೆ ತಯಾರಾಯಿತು. ಅದರ ಕೊನೆಯಲ್ಲಿ ಆಯೋಜಕರು ತುಂಬಿಕೊಳ್ಳಲೆಂದು ಖಾಲಿ ಜಾಗಗಳಿದ್ದವು: ಆಯೋಜಕರ ಫೋನು, ಸಭಾಂಗಣದ ಸೆಕ್ಯುರಿಟಿ, ಪೊಲೀಸರು, ಲೈಂಗಿಕ ದೌರ್ಜನ್ಯಕ್ಕೊಳಗಾದವರ ಸಹಾಯವಾಣಿ, ಆಸ್ಪತ್ರೆ, ಕಡೆಗೆ ಆ ಊರಿನ ಟ್ಯಾಕ್ಸಿ ಕಂಪನಿ. ಬೆಂಗಳೂರಿನಲ್ಲಿ ಶನಿವಾರದ ಮೀಟಪ್‌ಗಳನ್ನು ನಡೆಸುವ ನನಗೆ ಇಡೀ ನಮೂನೆಯಲ್ಲಿ ಹೆಚ್ಚು ಹಿಡಿಸಿದ್ದು ಆ ಟ್ಯಾಕ್ಸಿ ನಂಬರು. ಹೊಸ ಊರಲ್ಲಿ ರಾತ್ರಿ ಹೊತ್ತು ಒಬ್ಬಳೇ ಎದ್ದು ಹೊರಡಬೇಕಾಗಿ ಬಂದವಳಿಗೆ ಮೊದಲು ಬೇಕಾಗುವುದು ಏನೆಂದು ಬಲ್ಲವರು ಬರೆದದ್ದು ಅದು.

ಅದಕ್ಕೂ ಮೊದಲು ನಿಯಮಗಳೇ ಇರಲಿಲ್ಲ ಎಂದಲ್ಲ. 1998ರಲ್ಲಿ ಶುರುವಾದ ಲಿನಕ್ಸ್‌ಚಿಕ್ಸ್ ಎಂಬ ಹೆಂಗಸರ ಬಳಗಕ್ಕೆ ಎರಡೇ ನಿಯಮ: ಸಭ್ಯವಾಗಿರಿ, ನೆರವಾಗಿ. 2004ರಲ್ಲಿ ಉಬುಂಟು ಎಂಬ ಲಿನಕ್ಸ್ ಆವೃತ್ತಿ ತನ್ನ ಜೊತೆಗೇ ಒಂದು ಕೋಡ್ ಆಫ್ ಕಂಡಕ್ಟ್, ಅಂದರೆ ನಡವಳಿಕೆಯ ನಿಯಮಾವಳಿ, ತಂದಿತು. ಎದುರಿಗಿರುವವರನ್ನು ಗೌರವಿಸಿ, ಗೊತ್ತಿಲ್ಲದಿದ್ದರೆ ಕೇಳಿ, ಬಿಟ್ಟುಹೋಗುವಾಗ ಕೈಲಿರುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಿ ಎನ್ನುತ್ತಿತ್ತು ಅದು. ಆ ಕೊನೆಯ ಮಾತನ್ನು ನಾನು ಈಗಲೂ ಹೊಸ ಸ್ವಯಂಸೇವಕರಿಗೆ ಹೇಳುತ್ತೇನೆ. ಆದರೆ ಕೂಡಿ ಕೋಡ್ ಬರೆಯುವವರಿಗೆ ಹೇಳಿದ ಬುದ್ಧಿಮಾತು ಅದು. ಕಾರಿಡಾರಿನಲ್ಲಿ ಯಾರೋ ಮೈಮೇಲೆ ಕೈ ಹಾಕಿದರೆ ಯಾರ ಹತ್ತಿರ ಹೋಗಬೇಕು ಎನ್ನುವುದಕ್ಕೆ ಬರೆದದ್ದಲ್ಲ.

ನಮ್ಮೂರಲ್ಲಿ 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುವಾಗಿ, 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡಿತು. ಟಾಟಾ ಇನ್‌ಸ್ಟಿಟ್ಯೂಟಿನ ಜೆ.ಎನ್. ಟಾಟಾ ಸಭಾಂಗಣದಲ್ಲಿ ವಿದ್ಯಾರ್ಥಿನಿಯಾಗಿ ಕೂತು ಕೇಳಿದ ಮಾತುಗಳೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು. ಪ್ರಶ್ನೆ ಕೇಳಲು ಕೈಯೆತ್ತುವವರಲ್ಲಿ ಹೆಂಗಸರು ಅಪರೂಪ, ನಾನೂ ಎತ್ತುತ್ತಿರಲಿಲ್ಲ.

2010ರ ನವೆಂಬರಿನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಅಪಾಚೆ ಸಮ್ಮೇಳನ ನಡೆಯಿತು. ಆ ಸಂದರ್ಭದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದು ಆ ಯೋಜನೆಯ ಹಿರಿಯ ಕಾರ್ಯಕರ್ತರೊಬ್ಬರು ಬಹಿರಂಗವಾಗಿ ಬರೆದರು. ಮೊದಲು ಹೇಳಿದ ಟ್ಯಾಕ್ಸಿ ನಂಬರಿನ ನಮೂನೆಯ ಬೆನ್ನಿಗಿದ್ದುದು ಈ ಘಟನೆ. ಅದನ್ನು ಬರೆದ ವ್ಯಾಲೆರಿ ಅರೋರಾ ಮತ್ತು ಗೆಳತಿಯರು ಒಳ್ಳೆಯವರಾಗಿರಿ ಎಂದಷ್ಟೇ ಹೇಳಿ ಬಿಡಲಿಲ್ಲ. ಹಿಂದೆ ಬಿದ್ದು ಕಾಡುವುದು, ಒಪ್ಪಿಗೆಯಿಲ್ಲದೆ ಮುಟ್ಟುವುದು, ಸ್ಲೈಡಿನಲ್ಲಿ ಅಶ್ಲೀಲ ಚಿತ್ರ ಹಾಕುವುದು ಎಂದು ಒಂದೊಂದನ್ನೂ ಹೆಸರಿಟ್ಟು ಬರೆದರು. ಹೀಗೆ ಮಾಡಿದವರನ್ನು ದುಡ್ಡು ವಾಪಸ್ ಕೊಡದೆ ಹೊರಗೆ ಕಳಿಸಬಹುದು ಎಂದರು. ಯಾರಿಗೆ ಹೇಳಬೇಕೆಂದು ಹುಡುಕಾಡುವಂತಾಗಬಾರದು, ಆಯೋಜಕರು ಅಂಗಿಯಿಂದಲೋ ಬ್ಯಾಡ್ಜಿನಿಂದಲೋ ಗುರುತು ಸಿಗುವಂತಿರಬೇಕು ಎಂದರು. 2011ರಲ್ಲಿ ಅರೋರಾ ಮತ್ತು ಮೇರಿ ಗಾರ್ಡಿನರ್ ಇದೇ ಕೆಲಸಕ್ಕಾಗಿ ಏಡಾ ಇನಿಶಿಯೇಟಿವ್ ಎಂಬ ಸಂಸ್ಥೆ ಕಟ್ಟಿದರು.

ಅದೇ ವರ್ಷದ ಜನವರಿಯಲ್ಲಿ ನಿಯಮಕ್ಕೆ ಪರೀಕ್ಷೆ ಬಂತು. ಬ್ರಿಸ್ಬೇನಿನಲ್ಲಿ ನಡೆದ ಆಸ್ಟ್ರೇಲಿಯಾದ ಲಿನಕ್ಸ್ ಸಮ್ಮೇಳನದಲ್ಲಿ ಮುಖ್ಯ ಭಾಷಣದ ಸ್ಲೈಡುಗಳೇ ನಿಯಮ ಮೀರಿದವು. ಆಯೋಜಕರು ಕ್ಷಮೆ ಕೇಳಿದರು, ಭಾಷಣಕಾರರೂ ಕೇಳಿದರು. ವೇದಿಕೆಯ ಅತಿಥಿಗೂ ಹಿಂದಿನ ಸಾಲಿನ ಹುಡುಗನಿಗೂ ಒಂದೇ ನಿಯಮ ಎಂದಾಯಿತು. ನನ್ನ ಲೆಕ್ಕದಲ್ಲಿ ಇದು ದೊಡ್ಡ ವಿಷಯ. ದೊಡ್ಡವರಿಗೆ ಅನ್ವಯಿಸದ ನಿಯಮವನ್ನು ಚಿಕ್ಕವರು ನಂಬುವುದಿಲ್ಲ.

ನಿಯಮ ಬರೆದಿಟ್ಟ ಮಾತ್ರಕ್ಕೆ ವೇದಿಕೆ ತುಂಬುವುದಿಲ್ಲ. ಪೈಥಾನ್ ಭಾಷೆಯವರ ಸಮ್ಮೇಳನವಾದ ಅಮೆರಿಕದ ಪೈಕಾನ್‌ನಲ್ಲಿ ಹೆಂಗಸರ ಭಾಷಣಗಳು 2011ರಲ್ಲಿ ಶೇ. 1 ಇದ್ದವು, 2012ರಲ್ಲಿ 7, 2013ರಲ್ಲಿ 15, 2014ರಲ್ಲಿ 33. ಅಲ್ಲಿ 2012ರಿಂದ ಕೋಡ್ ಆಫ್ ಕಂಡಕ್ಟ್ ಇತ್ತು, ನಿಜ. ಆದರೆ ಆಯೋಜಕರ ಬಳಗದ ಜೆಸ್ಸಿಕಾ ಮೆಕೆಲ್ಲರ್ ಅಂಥವರು ಹೆಂಗಸರಿಗೆ ಒಬ್ಬೊಬ್ಬರಿಗೂ ಪತ್ರ ಬರೆದು, ಪ್ರಪೋಸಲ್ ಕಳಿಸಿ ಎಂದು ಕೇಳಿದ್ದೂ ಅಷ್ಟೇ ಮುಖ್ಯ. ನಮ್ಮ ಮೀಟಪ್‌ಗೆ ಜನ ಹುಡುಕುವಾಗ ನಾನು ಕಂಡದ್ದೂ ಅದನ್ನೇ. ಯಾರು ಬೇಕಾದರೂ ಮಾತಾಡಬಹುದು ಎಂದು ಪ್ರಕಟಿಸಿದರೆ ಬರುವುದು ಅವೇ ಮುಖಗಳು. "ನೀವು ಆ ಬಗ್ ಬಿಡಿಸಿದ ಕಥೆಯನ್ನೇ ಹೇಳಿ, ಇಪ್ಪತ್ತು ನಿಮಿಷ ಸಾಕು" ಎಂದು ಹೆಸರು ಹಿಡಿದು ಕರೆದರೆ ಬೇರೆಯವರು ಬರುತ್ತಾರೆ.

ಬೈಗುಳಕ್ಕೆ ಹೆಸರಾಗಿದ್ದ ಲಿನಕ್ಸ್ ಕರ್ನಲ್ ಬಳಗದವರು ತುಂಬ ತಡ ಮಾಡಿದರು. 2015ರಲ್ಲಿ 'ಕೋಡ್ ಆಫ್ ಕಾನ್‌ಫ್ಲಿಕ್ಟ್' ಎಂಬ ಚಿಕ್ಕ ಪತ್ರವೊಂದನ್ನು ತಂದರು, ಅದರಿಂದ ಹೆಚ್ಚೇನೂ ಆಗಲಿಲ್ಲ. 2018ರ ಸೆಪ್ಟೆಂಬರ್ 16ರಂದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಒರಟುತನಕ್ಕೆ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಸರಿದರು. ಕೊರಲೈನ್ ಏಡಾ ಎಮ್ಕೆ 2014ರಲ್ಲಿ ಬರೆದಿದ್ದ ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ನಿಯಮಾವಳಿ ಆಗ ಕರ್ನಲ್‌ನ ನಿಯಮವಾಯಿತು. ಮುಂದಿನ ತಿಂಗಳು ಜಗಳಗಳಲ್ಲಿ ಮಧ್ಯಸ್ಥಿಕೆ ವಹಿಸಲು ನೇಮಕವಾದವರು ನಮ್ಮ ದೇಶದವರೇ ಆದ ವಕೀಲೆ ಮಿಶಿ ಚೌಧರಿ.

ನಮ್ಮ ಶನಿವಾರದ ಮೊದಲ ಸ್ಲೈಡಿನಲ್ಲಿ 112ರ ಕೆಳಗೆ ಎರಡು ಮೊಬೈಲ್ ನಂಬರ್ ಇರುತ್ತವೆ, ಒಂದು ನನ್ನದು. ಇನ್ನೊಂದು ಆಯೋಜನೆಯಲ್ಲಿ ಇಲ್ಲದವರದು, ಏಕೆಂದರೆ ದೂರು ನನ್ನ ಮೇಲೆಯೇ ಇರಬಹುದು.