ಕನ್ನಡ ಓದಿದವರಿಗೆ ಇನ್‌ಕ್ರಿಮೆಂಟ್

ಕನ್ನಡ ಕಲಿತರೆ ಸಂಬಳ ಜಾಸ್ತಿಯಾಗುತ್ತದೆ ಅಂದರೆ ಇವತ್ತು ಯಾರೂ ನಂಬಲ್ಲ. ಆದರೆ 1812ರಲ್ಲಿ ಮದರಾಸಿನಲ್ಲಿ ಅದು ಕಂಪನಿ ಪಾಲಿಸಿ. ಕಂಪನಿ ಅಂದರೆ ನಮ್ಮ ನಿಮ್ಮ ಔಟರ್ ರಿಂಗ್ ರೋಡ್ ಕಂಪನಿ ಅಲ್ಲ, ಈಸ್ಟ್ ಇಂಡಿಯಾ ಕಂಪನಿ. ಆ ವರ್ಷ ಅವರು ಸೇಂಟ್ ಜಾರ್ಜ್ ಕೋಟೆಯ ಹೆಸರಲ್ಲಿ ಒಂದು ಕಾಲೇಜು ತೆರೆದರು. ಇಂಗ್ಲೆಂಡಿನಿಂದ ಹಡಗಿಳಿದು ಬಂದ, ಮೀಸೆ ಸರಿಯಾಗಿ ಬಲಿಯದ ಹುಡುಗರು ಜಿಲ್ಲೆಗಳಿಗೆ ಹೋಗುವ ಮೊದಲು ಅಲ್ಲಿ ಕೂತು ತಮಿಳು, ತೆಲುಗು, ಕನ್ನಡ ಇತ್ಯಾದಿ ಕಲಿಯಬೇಕಿತ್ತು. ಪರೀಕ್ಷೆ ಪಾಸಾದರೆ ತಿಂಗಳ ಭತ್ಯೆ ಏರುತ್ತಿತ್ತು. ತುಂಬಾ ಚೆನ್ನಾಗಿ ಪಾಸಾದವರಿಗೆ ವರಹಗಳಲ್ಲಿ ಬಹುಮಾನವೂ ಇತ್ತು.

ಮದರಾಸಿನಲ್ಲಿ ಕನ್ನಡ ಯಾಕೆ ಅಂತ ನೀವು ಕೇಳಬಹುದು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅದರ ಮರುವರ್ಷ ಬಳ್ಳಾರಿ ಸೀಮೆ ಮದರಾಸಿನ ಕೈಗೆ ಬಂದವು. ಅಲ್ಲಿನ ರೈತ ಕೊಡುವ ಅರ್ಜಿ ಕನ್ನಡದಲ್ಲಿ, ಶಾನುಭೋಗನ ಲೆಕ್ಕ ಕನ್ನಡದಲ್ಲಿ. ಕಲೆಕ್ಟರ್‌ಗೆ ಭಾಷೆ ಬರದಿದ್ದರೆ ಶಾನುಭೋಗ ಹೇಳಿದ್ದೇ ಲೆಕ್ಕ. ಹಾಗಾಗಿ ಇನ್‌ಕ್ರಿಮೆಂಟ್ ಬಂದದ್ದು ಕನ್ನಡದ ಮೇಲಿನ ಪ್ರೀತಿಯಿಂದ ಅಲ್ಲ, ಕಂದಾಯದ ಮೇಲಿನ ಪ್ರೀತಿಯಿಂದ.

ಆದರೆ ಕಂದಾಯಕ್ಕೆ ಅಂತ ಶುರುವಾದ ಆ ಕಾಲೇಜಿಂದ ಹೊರಬಂದದ್ದನ್ನು ನೋಡಿ. ಅದರ ಹಿಂದಿದ್ದ ಎಫ್.ಡಬ್ಲ್ಯು. ಎಲ್ಲಿಸ್ ಎಂಬ ಅಧಿಕಾರಿ 1816ರಲ್ಲಿ, ಕ್ಯಾಂಪ್‌ಬೆಲ್‌ನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯೊಂದರಲ್ಲಿ, ತಮಿಳು ತೆಲುಗು ಕನ್ನಡ ಇವೆಲ್ಲ ಒಂದೇ ಮನೆಯ ಮಕ್ಕಳು, ಸಂಸ್ಕೃತದಿಂದ ಹುಟ್ಟಿದವಲ್ಲ ಅಂತ ಪದಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ. ನಾವು ಸ್ಕೂಲಲ್ಲಿ ಓದಿದ ಕಾಲ್ಡ್‌ವೆಲ್‌ನ ಪುಸ್ತಕ ಬಂದದ್ದು ಇದಾಗಿ ನಲವತ್ತು ವರ್ಷಕ್ಕೆ, 1856ರಲ್ಲಿ. ಎಲ್ಲಿಸ್ ಬಳಸಿದ ತೆಲುಗು ಧಾತುಗಳ ಪಟ್ಟಿಯನ್ನು ತಯಾರಿಸಿದವರು ಅದೇ ಕಾಲೇಜಿನ ಪಂಡಿತ ಪಟ್ಟಾಭಿರಾಮ ಶಾಸ್ತ್ರಿಗಳು. ಎಲ್ಲಿಸ್ ಹೆಸರೇ ಈಗ ಕೆಲವರಿಗೆ ಮಾತ್ರ ಗೊತ್ತು. ಶಾಸ್ತ್ರಿಗಳ ಹೆಸರು ಇನ್ನೂ ಕಡಿಮೆ ಜನಕ್ಕೆ.

ನನಗೆ ಈ ಇಡೀ ಇತಿಹಾಸದಲ್ಲಿ ಕುತೂಹಲ ಹುಟ್ಟಿಸುವುದು ಈ ಮುನ್ಷಿಗಳೇ. ಪರೀಕ್ಷೆ ಬರೆದವನು ಸಾಹೇಬ, ಭತ್ಯೆ ಏರಿದ್ದು ಸಾಹೇಬನಿಗೆ, ಭಾಷೆ ಇದ್ದದ್ದು ಮಾತ್ರ ಮುನ್ಷಿಯ ಬಾಯಲ್ಲಿ. 1820ರಲ್ಲಿ ಮೆಕೆರೆಲ್ ಎಂಬ ಅಧಿಕಾರಿಯ ಕನ್ನಡ ವ್ಯಾಕರಣ ಬಂತು. 1824ರಲ್ಲಿ ಬಳ್ಳಾರಿಯ ಪಾದ್ರಿ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟು ತಂದ. ಅವರ ಎದುರು ಕೂತು 'ಹಾಗಲ್ಲ ಸ್ವಾಮಿ, ಹೀಗೆ' ಅಂತ ದಿನಾ ತಿದ್ದಿದವರು ಯಾರು? ಪುಸ್ತಕದ ಮುಖಪುಟದಲ್ಲಿ ಅವರಿಲ್ಲ. ಅಪವಾದ ಒಂದಿದೆ. ಆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು 1838ರಲ್ಲಿ 'ಹೊಸಗನ್ನಡ ನುಡಿಗನ್ನಡಿ' ಅಂತ ತಮ್ಮದೇ ಹೆಸರಲ್ಲಿ ವ್ಯಾಕರಣ ಬರೆದರು. ಕೇಶಿರಾಜನ ಹಳಗನ್ನಡಕ್ಕಲ್ಲ, ಆಗಿನ ಕಾಲದ ಕನ್ನಡಕ್ಕೆ, ಕನ್ನಡದಲ್ಲೇ. ಸಾಹೇಬರಿಗೆ ಪಾಠ ಹೇಳುವ ಕೆಲಸ ಇಲ್ಲದಿದ್ದರೆ ಅವರಿಗೆ ಹೊಸಗನ್ನಡಕ್ಕೂ ಒಂದು ವ್ಯಾಕರಣ ಬೇಕು ಅಂತ ಹೊಳೆಯುತ್ತಿತ್ತೋ ಇಲ್ಲವೋ.

ಕಿಟೆಲ್ ಕತೆ ನಿಮಗೆ ಗೊತ್ತು, ಬೇಗ ಮುಗಿಸುತ್ತೇನೆ. 1853ರಲ್ಲಿ ಧರ್ಮಪ್ರಚಾರಕ್ಕೆ ಅಂತ ಬಂದ ಜರ್ಮನ್, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಎರಡು ವರ್ಷದ ನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಅವನ ಜತೆಗೂ ಪಂಡಿತರಿದ್ದರು.

ಇಲ್ಲಿಯವರೆಗೆ ಕನ್ನಡ ಕಲಿಯುವುದು ಅಂದರೆ ಹೊರಗಿನವರು ಕಲಿಯುವುದು. ನಮ್ಮವರೇ ಕಾಲೇಜಿಗೆ ಹೋಗಿ ಕನ್ನಡವನ್ನು ಒಂದು ವಿಷಯವಾಗಿ ಓದಬೇಕು ಅನ್ನುವುದು ಆಮೇಲಿನ ಮಾತು. ಆರ್. ನರಸಿಂಹಾಚಾರ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಕನ್ನಡದಲ್ಲಿ ಎಂ.ಎ. ಮಾಡಿದರು. ಆಮೇಲೆ ಅವರಿಗೆ ಸಿಕ್ಕ ದೊಡ್ಡ ಹುದ್ದೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯದ್ದು. ಹಗಲೆಲ್ಲ ಶಾಸನ, ದೇವಸ್ಥಾನ. ಅದರ ಜತೆಜತೆಗೇ ಕನ್ನಡ ಕವಿಗಳು ಯಾರು, ಯಾವ ಕಾಲದವರು, ಏನು ಬರೆದರು ಅಂತ ಹುಡುಕಿ ಮೂರು ಸಂಪುಟದ 'ಕರ್ನಾಟಕ ಕವಿಚರಿತೆ' ಬರೆದರು. ಮೊದಲನೆಯದು 1907, ಕೊನೆಯದು 1929. ಸೈಡ್ ಪ್ರಾಜೆಕ್ಟ್ ಅಂದರೆ ಹೀಗಿರಬೇಕು.

ಮೈಸೂರಿನಲ್ಲಿ ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಕನ್ನಡ ಎಂ.ಎ. ಶುರುವಾಗಲು ಮತ್ತೆ ಹನ್ನೊಂದು ವರ್ಷ ಬೇಕಾಯಿತು, 1927. ಹಿಂದೆ ನಿಂತು ತಳ್ಳಿದವರು ಬಿ.ಎಂ. ಶ್ರೀಕಂಠಯ್ಯ, ಇಂಗ್ಲಿಷ್ ಪ್ರೊಫೆಸರ್! ಜತೆಗೆ ಟಿ.ಎಸ್. ವೆಂಕಣ್ಣಯ್ಯ. ಮೊದಲ ಬ್ಯಾಚಿನಲ್ಲಿ ಕೂತವರಲ್ಲಿ ಒಬ್ಬರು ಕುವೆಂಪು, ಇನ್ನೊಬ್ಬರು ಡಿ.ಎಲ್. ನರಸಿಂಹಾಚಾರ್. ಅವತ್ತು ಈ ಡಿಗ್ರಿಗೆ ಕೆಲಸ ಅಂದರೆ ಮೇಷ್ಟರ ಕೆಲಸ, ಅದೂ ಖಾಲಿ ಇದ್ದರೆ. ಕುವೆಂಪು 1929ರಲ್ಲಿ ಮಹಾರಾಜಾ ಕಾಲೇಜಿನಲ್ಲೇ ಮೇಷ್ಟರಾದರು, 1956ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಡಿಎಲ್‌ಎನ್ ಹಿಡಿದದ್ದು ಬೇರೆ ದಾರಿ. ಒಂದೇ ಕಾವ್ಯದ ನಾಲ್ಕಾರು ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡು, ಯಾವ ಲಿಪಿಕಾರ ಎಲ್ಲಿ ತಪ್ಪಿದ, ಕವಿ ಬರೆದದ್ದು ಏನಿರಬಹುದು ಅಂತ ಅಕ್ಷರ ಅಕ್ಷರ ಹೋಲಿಸುವ ಕೆಲಸ. ಸಾಫ್ಟ್‌ವೇರ್‌ನವರಿಗೆ ಹೇಳಬೇಕೆಂದರೆ, ಬರಿಗಣ್ಣಿನಲ್ಲಿ ಗಿಟ್ ಡಿಫ್. ನೂರಾರು ವರ್ಷದ ಕಮಿಟ್‌ಗಳು, ಒಂದಕ್ಕೂ ಮೆಸೇಜ್ ಇಲ್ಲ.

ಅದೇ ಕಾಲೇಜು, ಅದೇ ಕಾಲ. ಅಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಒಂದು ರೇಡಿಯೋ ನಿಲಯ ಶುರು ಮಾಡಿದರು. ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರು ಬಂತು. ಮಾಸ್ ಕಮ್ಯುನಿಕೇಶನ್ ಅನ್ನುವ ಕೋರ್ಸು ಇಲ್ಲಿ ಯಾರ ಕನಸಿನಲ್ಲೂ ಇರಲಿಲ್ಲ. ಮೇಷ್ಟರ ಮನೆಯಿಂದ ಪ್ರಸಾರ ಮಾತ್ರ ಆಗುತ್ತಿತ್ತು.

ಈಗ ನನಗೆ ಅತ್ಯಂತ ಇಷ್ಟದ ಕತೆ. 1940ರ ದಶಕ, ಮತ್ತೆ ಅದೇ ಮಹಾರಾಜಾ ಕಾಲೇಜು. ಗಣಿತದ ಪ್ರೊಫೆಸರ್ ಒಬ್ಬರ ಮಗ ಸೈನ್ಸ್ ತಗೊಂಡಿದ್ದಾನೆ. ಮೊದಲ ವರ್ಷ ನೋಡಿದ ಅಪ್ಪ, ಇವನದು ಗಣಿತದ ತಲೆ ಅಲ್ಲ ಅಂತ ತೀರ್ಮಾನಿಸಿ, ಕೈ ಹಿಡಿದು ಕರಕೊಂಡು ಹೋಗಿ ಸೈನ್ಸಿಂದ ಬಿಡಿಸಿ ಇಂಗ್ಲಿಷ್‌ಗೆ ಸೇರಿಸಿದರು. ಇದನ್ನು ಇನ್ನೊಮ್ಮೆ ಓದಿ. ನಮ್ಮ ಮನೆಗಳಲ್ಲಿ ಅಪ್ಪಂದಿರು ಕೈ ಹಿಡಿದು ಎಳೆಯುವುದು ಇದರ ಉಲ್ಟಾ ದಿಕ್ಕಿಗೆ ಅಲ್ವಾ? ಆ ಹುಡುಗ ಎ.ಕೆ. ರಾಮಾನುಜನ್.

ಅವರು ಇಂಗ್ಲಿಷ್ ಎಂ.ಎ. ಮಾಡಿ ಕೊಲ್ಲಂ, ಬೆಳಗಾವಿ, ಬರೋಡಾ ಅಂತ ಊರೂರಲ್ಲಿ ಪಾಠ ಮಾಡಿದರು. ಆ ಹೊತ್ತಿಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಹೊಸ ಗಾಳಿ ಬೀಸುತ್ತಿತ್ತು. ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ದುಡ್ಡು ಕೊಟ್ಟಿತ್ತು, ಅಲ್ಲಿನ ವಿದ್ವಾಂಸರು ಬಂದಿದ್ದರು. ಅವರಲ್ಲೊಬ್ಬ ವಿಲಿಯಂ ಬ್ರೈಟ್. ಅವನು ಮಾಡಿದ್ದೇನು ಗೊತ್ತೇ? ಕಾವ್ಯ ಬಿಟ್ಟು ಜನ ಆಡುವ ಕನ್ನಡ ಕೇಳಿಸಿಕೊಂಡ. 1958ರಲ್ಲಿ ಬಂದ ಅವನ ಪುಸ್ತಕ ಪೂರ್ತಿ ಆಡುಗನ್ನಡದ ಮೇಲೆಯೇ. ರಾಮಾನುಜನ್ ಕೂಡ ಪುಣೆಗೆ ಹೋಗಿ ಭಾಷಾವಿಜ್ಞಾನ ಕಲಿತರು, 1959ರಲ್ಲಿ ಇಂಡಿಯಾನಾಗೆ ಹೊರಟರು, ಕನ್ನಡದ ವ್ಯಾಕರಣದ ಮೇಲೆಯೇ ಪಿಎಚ್‌ಡಿ ಮಾಡಿದರು, ಷಿಕಾಗೋದಲ್ಲಿ ನೆಲೆಸಿದರು. ಬ್ರೈಟ್ ಜತೆ ಸೇರಿ ಬರೆದ 1964ರ ಲೇಖನದಲ್ಲಿ, ಜಾತಿಯಿಂದ ಜಾತಿಗೆ ಮಾತು ಹೇಗೆ ಬೇರೆಯಾಗುತ್ತದೆ, ಹೇಗೆ ಬದಲಾಗುತ್ತದೆ ಅಂತ ನೋಡಿದರು. 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ಬಂತು, ಪೆಂಗ್ವಿನ್ ಹಾಕಿತು. ಅನುವಾದ ಓದಿದರೆ ಭಾಷಾವಿಜ್ಞಾನಿಯ ಕಿವಿ ಅಲ್ಲಿ ಕೆಲಸ ಮಾಡಿದ್ದು ಕಾಣುತ್ತದೆ. ವಚನದ ವಾಕ್ಯ ಎಲ್ಲಿ ಮುರಿಯುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

1969ರಲ್ಲಿ ಮೈಸೂರಿಗೆ ಭಾರತೀಯ ಭಾಷಾ ಸಂಸ್ಥಾನ ಬಂದ ಮೇಲೆ ಭಾಷಾವಿಜ್ಞಾನ ಅನ್ನುವುದು ಇಲ್ಲೇ ಸಿಗುವ ನೌಕರಿಯೂ ಆಯಿತು. ಇನ್ನೊಂದು ಕಡೆ ಸಾಹಿತ್ಯ ಪರಿಷತ್ತಿನ ನಿಘಂಟು: ಎಂಟು ಸಂಪುಟ, ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ. ಅದರ ಜತೆ ಗುರುತಿಸಿಕೊಂಡ ಜಿ. ವೆಂಕಟಸುಬ್ಬಯ್ಯ ಕಾಲೇಜು ಮೇಷ್ಟರಾಗಿದ್ದವರು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, 1991ರಲ್ಲಿ, ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದರು. ಓದುಗರು ಪದ ಕೇಳುವುದು, ಅವರು ಅರ್ಥ ಹೇಳುವುದು. ನೂರಾ ಏಳು ವರ್ಷ ಬದುಕಿದರು. ಅದೇ 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡವೂ ಇತ್ತು. ನನ್ನ ಹೊಟ್ಟೆಪಾಡು ಹುಟ್ಟಿದ್ದು ಅಲ್ಲಿಂದ.

ನಾನೂ ಕನ್ನಡ ಎಂ.ಎ. ಬೆಂಗಳೂರಿನ ಒಂದು ಕಂಪನಿಯಲ್ಲಿ ಮೊಬೈಲ್‌ಗೆ ಕನ್ನಡ ಕಲಿಸುವ ತಂಡದಲ್ಲಿದ್ದೇನೆ. ಕೆಲಸ ಇಷ್ಟೇ. ಒಂದು ವಾಕ್ಯವನ್ನು ಎಷ್ಟು ರೀತಿ ಹೇಳಬಹುದು ಅಂತ ಜನರಿಂದ ಹೇಳಿಸಿ, ಬರೆಸಿ, ಗುರುತು ಹಾಕಿಸಿ, ಯಂತ್ರಕ್ಕೆ ಉಣಿಸುವುದು. 'ನಾಳೆ ಮಳೆ ಬರುತ್ತಾ' ಅಂತ ಮೈಸೂರಿನವರು. 'ಬರ್ತದಾ' ಅಂತ ಮಂಗಳೂರಿನವರು. 'ಬರ್ತೈತೇನ್ರಿ' ಅಂತ ಹುಬ್ಬಳ್ಳಿ. ಸಂಬಂಧಿಕರ ಮದುವೆಯಲ್ಲಿ 'ಕನ್ನಡ ಓದಿ ಐಟಿಯಲ್ಲಿ ಏನ್ ಮಾಡ್ತೀಯಪ್ಪಾ?' ಅಂತ ಕೇಳಿದವರಿಗೆ ಇದನ್ನೇ ಹೇಳುತ್ತೇನೆ, ಅವರು ನಗುತ್ತಾರೆ.

ನಗದೇ ಕೇಳಿದವಳು ಅಕ್ಕನ ಮಗಳು. ಪಿಯುಸಿ ಮುಗಿಸಿದ್ದಾಳೆ, ಭಾಷಾವಿಜ್ಞಾನ ತಗೋಬೇಕು ಅಂತಾಳೆ. 'ಮಾಮ, ಕೆಲಸ ಸಿಗುತ್ತಾ?' ಸಿಗುತ್ತೆ ಕಣೇ ಅಂದೆ. ಆದರೆ ಎಂಥ ಕೆಲಸ ಅಂತಲೂ ಹೇಳಬೇಕಾಯಿತು. ನನ್ನ ಥರ ಖಾಯಂ ಸಂಬಳದವರು ತಂಡದಲ್ಲಿ ಬೆರಳೆಣಿಕೆ. ಉಳಿದವರು ಶಿವಮೊಗ್ಗ, ಕಲಬುರಗಿ, ಹಂಪಿಯಲ್ಲಿ ಕನ್ನಡ ಓದಿದ ಹುಡುಗ ಹುಡುಗಿಯರು, ಮನೆಯಲ್ಲೇ ಕೂತು ವಾಕ್ಯಕ್ಕೆ ಇಷ್ಟು ಅಂತ ದುಡಿಯುವವರು. 'ಬರ್ತದಾ'ಗೂ 'ಬರ್ತೈತಾ'ಗೂ ಇರುವ ವ್ಯತ್ಯಾಸ ಅವರ ಬಾಯಲ್ಲಿದೆ, ಆ ಯಂತ್ರಕ್ಕೆ ಬರುವ ಬೆಲೆಯಲ್ಲಿ ಅವರ ಪಾಲು ಆ ವಾಕ್ಯದ ಕೂಲಿಯಷ್ಟೇ. ದೊಡ್ಡ ಸಂಬಳ ಯಂತ್ರ ಕಟ್ಟುವವರಿಗೆ. ಇದನ್ನು ನೋಡುವಾಗೆಲ್ಲ ನನಗೆ ಮದರಾಸಿನ ಕಾಲೇಜು ನೆನಪಾಗುತ್ತದೆ. ಮುನ್ಷಿ ವಾಪಸ್ ಬಂದಿದ್ದಾನೆ, ಈ ಸಲ ಲ್ಯಾಪ್‌ಟಾಪ್ ಹಿಡಿದು.

ಅಕ್ಕನ ಮಗಳಿಗೆ ಭಾಷಾವಿಜ್ಞಾನದ ಜತೆ ಸ್ಟಾಟಿಸ್ಟಿಕ್ಸೂ ಒಂದಿಷ್ಟು ಪ್ರೋಗ್ರಾಮಿಂಗೂ ಕಲಿ ಅಂದಿದ್ದೇನೆ. ಮೇಜಿನ ಆಚೆ ಬದಿಯಲ್ಲೂ ಕೂರುವುದಕ್ಕೆ ಬರಲಿ ಅಂತ. ಆಫೀಸಿನಲ್ಲಿ, ನಾವು ಹೊರಗೆ ಕೊಡುವ ಪ್ರತಿ ಡೇಟಾ ಫೈಲಿನ ಮೊದಲ ಪುಟದಲ್ಲಿ ವಾಕ್ಯ ಬರೆದವರ ಹೆಸರು, ಅವರು ಒಪ್ಪಿದರೆ, ಹಾಕೋಣ ಅಂತ ಒಂದು ಮೇಲ್ ಕಳಿಸಿದ್ದೇನೆ. ಮ್ಯಾನೇಜರ್ 'ನೋಡೋಣ' ಅಂದಿದ್ದಾರೆ. ಮೇಲ್ ಜತೆ 'ನುಡಿಗನ್ನಡಿ' ಬಗ್ಗೆ ನಾಲ್ಕು ಸಾಲು ಸೇರಿಸಿದ್ದೆ. ಅದನ್ನು ಅವರು ಓದಿದ ಹಾಗೆ ಕಾಣಲಿಲ್ಲ.